ಹೊಟ್ಟಿನ ಅಂಗಳದಲ್ಲಿ ಕುಕ್ಕುಲೋಟ

ಮದುವೆಯ ವಿಡಿಯೊದಲ್ಲಿ ಕುದುರೆಯ ಕಾಲುಗಳಿಲ್ಲ. ಮೆರವಣಿಗೆಗೆ ಬಂದಿದ್ದವರಲ್ಲಿ ಸಿಕ್ಕವರ ಫೋನನ್ನೆಲ್ಲ ಇಸಿದುಕೊಂಡು ನೋಡಿದ್ದೇನೆ. ಮದುಮಗನ ರುಮಾಲು ಇದೆ, ಬಾಸಿಂಗ ಇದೆ, ಹಲಗೆ ಬಾರಿಸುವವರ ಬೆವರಿದೆ, ಕುದುರೆಯ ಕಿವಿಯೂ ಇದೆ. ಕೊನೆಗೆ ಅದು ಎರಡು ಕಾಲ ಮೇಲೆ ಎದ್ದ ಗಳಿಗೆ ಬಿಟ್ಟರೆ ಕೆಳಗೆ ಏನೂ ಇಲ್ಲ. ಹಾಗಾಗಿ ಆ ದಿನ ಮಸ್ಕಿಯ ಓಣಿಯಲ್ಲಿ ನಮ್ಮ ಕುದುರೆ ಅದಕ್ಕೂ ಮೊದಲು ಮಾಡಿದ್ದನ್ನು ನಿಜವಾಗಿ ಕಂಡವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ನನಗೆ ಸವಾರಿ ಕಲಿಸಿದ ಉಸ್ತಾದರು. ನನ್ನ ನೆನಪನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ. ಉಸ್ತಾದರನ್ನು ನಂಬುವುದನ್ನು ಆ ದಿನ ಬಿಟ್ಟೆ.

ಸಿಟ್ಟಿನಲ್ಲಿ ಬರೆಯಬಾರದು ಎನ್ನುತ್ತಾರೆ. ಸಿಟ್ಟು ಇಳಿಯಲಿ ಎಂದು ಕಾದರೆ ನೆನಪು ತನಗೆ ತಾನೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತುಬಿಡುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕುದುರೆಯನ್ನು ತಂದವನು ನನ್ನ ಅಣ್ಣ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ರೈಸ್ ಮಿಲ್ಲು ಇದೆ. ಲಿಂಗಸುಗೂರಿನಲ್ಲಿ ಮದುವೆಗಳಿಗೆ ಕುದುರೆ ಒದಗಿಸುತ್ತಿದ್ದವನೊಬ್ಬ ಆ ಕೆಲಸ ಬಿಟ್ಟಾಗ, ಅಣ್ಣ ಈ ಬಿಳಿ ಹೆಣ್ಣು ಕುದುರೆಯನ್ನು ತಂದು ಮಿಲ್ಲಿನ ಹಿಂದೆ ಕಟ್ಟಿದ. ಬಾಗಿಲಲ್ಲಿ ಕುದುರೆ ಇದ್ದರೆ ಅದೊಂದು ಗತ್ತು. ಅದಕ್ಕಿಂತ ಹೆಚ್ಚಿನ ಉದ್ದೇಶ ಅವನಿಗೆ ಇರಲಿಲ್ಲ. ಮೈ ತಿಕ್ಕಲು ಹೋದ ದಿನವೇ ನಾನು ಅದರ ಮುಂಗಾಲುಗಳನ್ನು ನೋಡಿದೆ. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಕೂದಲು ಬೆಳೆಯದ ಅಡ್ಡ ಗೆರೆಗಳಿದ್ದವು.

ಮದುವೆಯ ಕುದುರೆಗೆ ಕುಣಿತ ಕಲಿಸುವ ರೀತಿ ಹೀಗೆ. ಎರಡೂ ಕಡೆಯ ಗೂಟಕ್ಕೆ ಅದನ್ನು ಬಿಗಿದು ಕಟ್ಟುತ್ತಾರೆ. ಒಬ್ಬ ಹಲಗೆ ಬಾರಿಸುತ್ತಾನೆ, ಇನ್ನೊಬ್ಬ ಮುಂಗಾಲಿನ ಮೂಳೆಗೆ ಕೋಲಿನಿಂದ ಹೊಡೆಯುತ್ತಾನೆ. ಕಾಲು ಎತ್ತಿದರೆ ಆ ಕಾಲಿಗೆ ಬಿಡುವು, ಮತ್ತೊಂದಕ್ಕೆ ಏಟು. ಕೊನೆಗೆ ಕೋಲು ಬೇಕಾಗುವುದಿಲ್ಲ, ಹಲಗೆಯ ಸದ್ದು ಕೇಳಿದರೆ ಸಾಕು, ಕಾಲುಗಳು ತಾವಾಗಿಯೇ ಏಳುತ್ತವೆ. ಇದಕ್ಕೆ ನಾವು ಕುಣಿತ ಎಂದು ಹೆಸರಿಟ್ಟು, ಹಣೆಗೆ ಕುಂಕುಮ ಹಚ್ಚಿ, ಆರತಿ ಬೆಳಗುತ್ತೇವೆ.

ಉಸ್ತಾದರು ಮುದಗಲ್ಲಿನವರು. ಹರೆಯದಲ್ಲಿ ಕೊಲ್ಲಿ ದೇಶಕ್ಕೆ ಹೋಗಿ, ಶ್ರೀಮಂತರೊಬ್ಬರ ಲಾಯದಲ್ಲಿ ಲದ್ದಿ ಎತ್ತುತ್ತ, ಅಲ್ಲಿದ್ದ ಪೋರ್ಚುಗಲ್ಲಿನ ಮುದುಕ ಸವಾರನಿಂದ ವಿದ್ಯೆ ಕಲಿತು, ಆಮೇಲೆ ಅದೇ ಲಾಯದ ಕುದುರೆಗಳಿಗೆ ತಾವೇ ಕಲಿಸಿ, ತಲೆ ನರೆತ ಮೇಲೆ ಊರಿಗೆ ಮರಳಿದ್ದರು. ಆ ವಿದ್ಯೆಯ ಹೆಸರು ಬರೋಕ್ ಡ್ರೆಸಾಜ್. ಯುರೋಪಿನ ಅರಸರ ಕಾಲದ ಸವಾರಿ. ಕುದುರೆ ತನ್ನ ಭಾರವನ್ನು ಹಿಂಗಾಲುಗಳ ಮೇಲೆ ತೆಗೆದುಕೊಂಡು, ಮುಂಭಾಗವನ್ನು ಹಗುರ ಮಾಡಿಕೊಳ್ಳುವುದನ್ನು ಕಲಿಯುತ್ತದೆ. ಅದರ ತುದಿಯಲ್ಲಿರುವುದು ಪಿಯಾಫ್, ಅಂದರೆ ನಿಂತ ಜಾಗ ಬಿಡದೆ ಮಾಡುವ ಕುಕ್ಕುಲೋಟ. ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಏಳುತ್ತವೆ, ಆಮೇಲೆ ಇನ್ನೆರಡು. ಹೊಡೆತವಿಲ್ಲ, ಜಗ್ಗಾಟವಿಲ್ಲ. ಕೇಳಿಕೊಳ್ಳುವುದು, ಕಾಯುವುದು, ಇಷ್ಟೇ.

ನಾನೇ ಹುಡುಕಿ ಹೋಗಿ ಕರೆದ ಮೇಲೆ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿ ದಾಟಿ, ನಮ್ಮ ಮಿಲ್ಲಿನ ಮುಂದೆ ಇಳಿಯುತ್ತಿದ್ದರು. ಭತ್ತ ಒಣಗಿಸುವ ಹಳೆಯ ಅಂಗಳವನ್ನು ಮೊದಲ ದಿನ ಮೆಟ್ಟಿ ನೋಡಿದರು. "ಇದು ಕಲ್ಲು. ಕಾಲು ಹೋಗತಾವ" ಎಂದರು. ಮಿಲ್ಲಿನ ಹಿಂದೆ ಗುಡ್ಡದಂತೆ ಬಿದ್ದಿದ್ದ ಭತ್ತದ ಹೊಟ್ಟನ್ನು ಅಂಗಳದ ತುಂಬ ಹರವಿಸಿದರು, ಮೇಲೆ ಮರಳು ಹಾಕಿಸಿದರು. ಅದೇ ನಮ್ಮ ಸವಾರಿ ಶಾಲೆ.

ಅಲ್ಲಿ ನಾನು ಬಹಳ ಕಾಲ ಸವಾರಿಯನ್ನೇ ಮಾಡಲಿಲ್ಲ. ಕೋಲನ್ನು ಹೊಟ್ಟಿನ ಮೇಲೆ ಇಟ್ಟು, ಕುದುರೆ ಅದನ್ನು ಮೂಸುವವರೆಗೆ ನಿಲ್ಲಬೇಕು. ಮೂಸಿದ ಮೇಲೆ ಅದೇ ಕೋಲಿನಿಂದ ಕುತ್ತಿಗೆ ಸವರಬೇಕು, ಬೆನ್ನು, ಹೊಟ್ಟೆ, ಎಲ್ಲಕ್ಕಿಂತ ಕೊನೆಗೆ ಮುಂಗಾಲು. ಹಮಾಲಿ ಮಾಡುವವರಲ್ಲಿ ಹಲಗೆ ಬಲ್ಲವನೊಬ್ಬನಿದ್ದ. ಅವನನ್ನು ದೂರದ ಗೋಡೆಯ ಬಳಿ ಕೂರಿಸಿ, ಕುದುರೆ ಮೇವು ತಿನ್ನುವಾಗ ಮೆಲ್ಲಗೆ ಬಾರಿಸಲು ಹೇಳುತ್ತಿದ್ದರು. ದಿನ ಕಳೆದ ಹಾಗೆ ಅವನು ಹತ್ತಿರ ಬಂದು ಕೂತ. ಕಾಲು ಎತ್ತುತ್ತ, ನಡುಗುತ್ತ ಇದ್ದ ಕುದುರೆ ಕಡೆಗೊಮ್ಮೆ ಹಲಗೆಯ ಮಗ್ಗುಲಲ್ಲೇ ನಿಂತು ಮೇವು ಅಗಿಯಿತು. ಅವತ್ತು ಉಸ್ತಾದರು ಕಣ್ಣು ಒರೆಸಿಕೊಂಡರು. ಅಥವಾ ಹೊಟ್ಟಿನ ಧೂಳು ಬಿದ್ದಿತ್ತು. ನಾನು ಇಲ್ಲಿ ಕಣ್ಣೀರು ಎಂದೇ ಬರೆಯಬಹುದು, ಚೆನ್ನಾಗಿ ಒಪ್ಪುತ್ತದೆ. ಗೊತ್ತಿಲ್ಲ.

ಜೀನಿನ ಮೇಲೆ ಹತ್ತಿಸಿದ ದಿನ ಲಗಾಮು ಹಿಡಿದ ನನ್ನ ಕೈ ನೋಡಿ ಅಲ್ಲೇ ನಿಲ್ಲಿಸಿದರು.

"ಶಾವಿಗಿ ಹೊಸೀತೀಯಲ್ಲ ಯವ್ವಾ, ಎಳಿ ಹರೀಬಾರದು, ಜೋಲೂ ಬೀಳಬಾರದು. ಲಗಾಮೂ ಅಷ್ಟ."

"ನನಗ ಶಾವಿಗಿ ಬರಂಗಿಲ್ರೀ ಉಸ್ತಾದ್ರ."

"ಹಂಗಾರ ಮನಿಗ್ ಹೋಗಿ ಕಲಕೊಂಡು ಬಾ. ಇಳಿ."

ಉರಿದುಹೋಯಿತು. ಓದುವ ವಯಸ್ಸಿನಲ್ಲಿ ಅವ್ವ ಶಾವಿಗೆ ಮಣೆಯ ಮುಂದೆ ಕೂರಿಸಲು ನೋಡಿದಾಗೆಲ್ಲ ತಪ್ಪಿಸಿಕೊಂಡು ಓಡಿದವಳು ನಾನು. ಈಗ ಕುದುರೆ ಹತ್ತಲು ಬಂದರೆ ಮತ್ತೆ ಅದೇ ಮಣೆ! ಗಂಡು ಶಿಷ್ಯನಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. "ಗಂಡಸಿಗೂ ಇದನ್ನ ಹೇಳತಿದ್ದೆ. ಅಂವ ಬರ್ತಾನೇ ಇರಲಿಲ್ಲ" ಎಂದರು. ಬೇಸಿಗೆಯಲ್ಲಿ ಅವ್ವನ ಪಕ್ಕ ಮಾಳಿಗೆಯ ಮೇಲೆ ಕೂತು ಶಾವಿಗೆ ಎಳೆದೆ. ಎಳೆಗಳು ಹರಿದವು. ಅವ್ವ ನಕ್ಕಳು: "ನಿನ್ನ ಕುದುರಿ ಬಾಯಿ ಹಿಂಗ ಹರಿದೀ ನೋಡ್ಬೇ!" ಅದು ಉಸ್ತಾದರ ವಾದವನ್ನೇ ಗೆಲ್ಲಿಸಿತು. ಹಿಟ್ಟು ತಾನಾಗಿ ಇಳಿಯಲು ಬಿಟ್ಟರೆ ಮಾತ್ರ ಎಳೆ ಉದ್ದವಾಗುತ್ತದೆ ಎಂದು ಕೈಗೆ ತಿಳಿಯಿತು, ನನಗೆ ತಿಳಿಯಲು ಇನ್ನೂ ಸಮಯ ಹಿಡಿಯಿತು.

ಒಂದು ಮುಂಜಾನೆ ಉಸ್ತಾದರು ಕೆಳಗಿನಿಂದ ಕೋಲಿನ ತುದಿಯನ್ನು ಕುದುರೆಯ ಹಿಂಬದಿಗೆ ತಾಗಿಸಿಯೂ ತಾಗಿಸದ ಹಾಗೆ ಹಿಡಿದರು, ನಾನು ಜೀನಿನ ಮೇಲೆ ಮೈ ಸಡಿಲಿಸಿ ಉಸಿರು ಬಿಟ್ಟೆ, ಅದೇ ನಮ್ಮ ಸನ್ನೆ. ಕುದುರೆ ತುಸು ಕುಳಿತಂತಾಗಿ, ಬೆನ್ನು ಉಬ್ಬಿಸಿಕೊಂಡು, ನಿಂತಲ್ಲೇ ಹೆಜ್ಜೆ ಹಾಕಿತು. ಹೊಟ್ಟಿನ ಮೇಲೆ ಸದ್ದೇ ಇರಲಿಲ್ಲ. ಯಾರ ಕಾಲುಗಳನ್ನು ಹೊಡೆದು ಎತ್ತಿಸಿದ್ದರೋ ಆ ಕುದುರೆ ತಾನಾಗಿ ಕಾಲೆತ್ತಿ ಕೊಟ್ಟಿತ್ತು. ಉಸ್ತಾದರು ಕೂಡಲೇ ಕೋಲು ಕೆಳಗಿಟ್ಟರು. "ಸಾಕು. ಅಕಿ ಕೊಟ್ಲು. ಕೊಟ್ಟದ್ದನ್ನ ಇನ್ನೊಮ್ಮಿ ಕೇಳಬಾರದು" ಎಂದರು.

ಈ ಮಾತನ್ನು ಹೇಳಿದವರು ಅವರೇ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ.

ನಮ್ಮ ಚಿಕ್ಕಪ್ಪನ ಮಗನಿಗೆ ಮಸ್ಕಿಯ ಹೆಣ್ಣು ಗೊತ್ತಾಯಿತು. ಕುದುರೆ ಕೊಡುತ್ತೇನೆ ಎಂದು ಅಣ್ಣ ಮಾತು ಕೊಟ್ಟು ಬಂದ. ನನ್ನನ್ನು ಕೇಳಲಿಲ್ಲ. ಕೇಳಿದ್ದು ಉಸ್ತಾದರನ್ನು. ಅವರು ಬೇಡ ಎನ್ನುತ್ತಾರೆಂದು ನಾನು ನಿಶ್ಚಿಂತಳಾಗಿದ್ದೆ. ಅವರು "ಆಗಲಿ ಬಿಡ್ರಿ" ಎಂದರು.

"ಅಲ್ರೀ, ಅಲ್ಲಿ ಹಲಗಿ, ಪಟಾಕಿ, ಮಂದಿ. ಅದೇನಾದ್ರೂ ಬೆದರಿದ್ರ? ಇಷ್ಟು ದಿನ ಮಾಡಿದ್ದೆಲ್ಲ?"

"ನಾ ಮಗ್ಗಲದಾಗ ಇರ್ತೀನಿ. ಮದುಮಗ ಮ್ಯಾಲ ಕುಂತಿರಲಿ. ಕೆಳಗಿಂದ ನಾ ಮಾಡಸ್ತೀನಿ." ಆಮೇಲೆ ಮುಖ ತಿರುಗಿಸಿಕೊಂಡು ಹೇಳಿದರು: "ಜಲ್ಮೆಲ್ಲ ಅರಬರ ಮುಂದ ತೋರ್ಸೀನಿ ಯವ್ವಾ. ನಮ್ಮ ಮಂದಿ ಒಮ್ಮೆ ನೋಡಲಿ."

"ಹಂಗಾರ ನಾನೂ ಲಗಾಮು ಹಿಡಕೊಂಡು ಬರ್ತೀನಿ" ಎಂದೆ. ಅಣ್ಣ ಬಾಯಲ್ಲಿದ್ದ ಚಹಾ ಉಗುಳುವುದೊಂದು ಬಾಕಿ. "ಬೀಗರ ಓಣ್ಯಾಗ ಹೆಣ್ಮಗಳು ಕುದುರಿ ಹಿಡಕೊಂಡು ಬರ್ತಾಳೇನಬೇ? ಆರತಿ ತಾಟು ಹಿಡಕೊಂಡು ಸುಮ್ನ ಬಾ. ಕುದುರಿ ಯಾರ್ದು?"

ಕುದುರೆ ಅವನದೇ. ಕುದುರೆಯ ಬಾಯಿ ಯಾರದು, ಅದರ ಭಯ ಯಾರದು, ಅದು ಹೊಟ್ಟಿನ ಮೇಲೆ ಕೊಟ್ಟದ್ದು ಯಾರದು, ಇದನ್ನು ಕೇಳುವವರು ನಮ್ಮ ಮನೆಯಲ್ಲಿ ಇಲ್ಲ.

ಆದ್ದರಿಂದ ಮಸ್ಕಿಯಲ್ಲಿ ನಾನು ಇಳಕಲ್ ಸೀರೆ ಉಟ್ಟು, ತಾಟು ಹಿಡಿದು, ಹೆಂಗಸರ ಗುಂಪಿನಲ್ಲಿ ಹಿಂದಿನಿಂದ ನೋಡಿದೆ. ಆ ಕಡೆಯ ಬೀಗರದ್ದೊಂದು ಪದ್ಧತಿ ಇದೆ. ಹೆಣ್ಣಿನ ಸೋದರಮಾವ ಓಣಿಯ ಬಾಯಿಗೆ ಅಡ್ಡ ನಿಲ್ಲುತ್ತಾನೆ. ಕುದುರೆ ಕುಣಿಯಬೇಕು, ಅವನು ಮೆಚ್ಚಬೇಕು, ಆಮೇಲೆ ದಾರಿ ಬಿಡಬೇಕು. ಹಲಗೆ ಜೋರಾಯಿತು. ಕುದುರೆಯ ಕಾಲು ಏಳಲಿಲ್ಲ. ಹಲಗೆ ಎಂದರೆ ಈಗ ಅದಕ್ಕೆ ಮೇವು. ಕಿವಿ ಆ ಕಡೆ ಈ ಕಡೆ ಮಾಡಿ ಸುಮ್ಮನೆ ನಿಂತಿತು. ಉಸ್ತಾದರು ಬದಿಗೆ ಬಂದು ಲಗಾಮು ಹಿಡಿದು ಮೆಲ್ಲಗೆ ನಾಲಿಗೆ ಚಪ್ಪರಿಸಿದರು. ಮೇಲೆ ಮದುಮಗ ಭತ್ತದ ಚೀಲದಂತೆ ಕೂತಿದ್ದರೂ, ಡಾಂಬರಿನ ಮೇಲೆ, ಆ ಗದ್ದಲದಲ್ಲಿ, ಕುದುರೆ ಹಿಂಬದಿ ತಗ್ಗಿಸಿ ಪಿಯಾಫ್ ಮಾಡಿತು. ಚೊಕ್ಕಟವಾಗಿ ಮಾಡಿತು.

ಮಾಡಿತೇ? ನಾನಿದ್ದ ಜಾಗದಿಂದ ಜನರ ಸಂದಿಯಲ್ಲಿ ಎಷ್ಟು ಕಂಡಿರಬಹುದು? ಒಂದೊಂದು ಸಲ ನನಗೆ ನೆನಪಾಗುವುದು ಮಸ್ಕಿಯ ಹೆಜ್ಜೆಗಳಲ್ಲ, ಮಿಲ್ಲಿನ ಅಂಗಳದವು. ಸಿಟ್ಟಿಗೆ ಆಧಾರ ಬೇಕೆಂದು ನಾನೇ ಅವನ್ನು ತಂದು ಇಲ್ಲಿ ಜೋಡಿಸಿರಬಹುದು. ಆದರೆ ಸೋದರಮಾವನ ಮಾತು ನಾನು ಕಟ್ಟಿದ್ದಲ್ಲ. ಅದು ಎಲ್ಲರ ಫೋನಿನಲ್ಲೂ ಇದೆ.

"ಏನ್ರೀ ಬೀಗರ, ಕುದುರಿ ತಂದೀರೇನು ಗದ್ದಿ ಎಮ್ಮಿ ತಂದೀರಿ? ನಿಂತಲ್ಲೇ ಕೆಸರು ತುಳಿಯಾಕತ್ತೈತಿ! ನಾಟಿ ಹಚ್ಚಾಕ ಸಿಂಧನೂರಿಗೇ ಒಯ್ರಿ!"

ಓಣಿಯೆಲ್ಲ ನಕ್ಕಿತು. "ಕಾಲ ಎತ್ತಸ್ರಿ, ಕಾಲ!" ಎಂದರು ಯಾರೋ. ಕಾಲು ಏಳುತ್ತಲೇ ಇದ್ದವು, ಅವರ ಕಣ್ಣಿಗೆ ಸಾಲುವಷ್ಟು ಎತ್ತರಕ್ಕೆ ಅಲ್ಲ, ಅಷ್ಟೆ. ಅಣ್ಣನ ಮುಖ ಕೆಂಪಾಯಿತು. ಮಂದಿಯಲ್ಲಿ ಯಾರ ಕೈಯಿಂದಲೋ ಕೋಲು ಕಸಿದುಕೊಂಡು ಮುಂದೆ ಬಂದು, ಮುಂಗಾಲಿನ ಮೂಳೆಗೆ ಬಿಗಿದ.

ಕುದುರೆ ಹಿಂಗಾಲುಗಳ ಮೇಲೆ ನೆಟ್ಟಗೆ ಎದ್ದಿತು. ಮದುಮಗ ಅದರ ಕುತ್ತಿಗೆ ತಬ್ಬಿಕೊಂಡ. ಶಿಳ್ಳೆಯೋ ಶಿಳ್ಳೆ. "ಆಹಾ, ಇದು ಕುದುರಿ!" ಎಂದು ಸೋದರಮಾವ ದಾರಿ ಬಿಟ್ಟ. ಯಾರೋ ಒಂದು ಚೆಂಡುಹೂವಿನ ಮಾಲೆ ತಂದು ಉಸ್ತಾದರ ಕೊರಳಿಗೆ ಹಾಕಿದರು. ಅವರು ಅದನ್ನು ತೆಗೆಯಲಿಲ್ಲ. ಮಂದಿಗೆ ಕೈ ಮುಗಿದರು.

ಒಂದು ನೆನಪಿನಲ್ಲಿ ಅವರು ನಗುತ್ತಿದ್ದಾರೆ. ಇನ್ನೊಂದರಲ್ಲಿ ತುಟಿ ನಡುಗುತ್ತಿವೆ. ವಿಡಿಯೊದಲ್ಲಿ ಬರೀ ಬೆನ್ನಿದೆ. ಯಾವುದು ನಿಜವಾದರೂ ಮಾಲೆ ಕೊರಳಲ್ಲೇ ಇತ್ತು. ಅಣ್ಣನ ಏಟಿಗಿಂತ ನನಗೆ ಬಿದ್ದ ಏಟು ಅದು. ಅಣ್ಣನಿಗೆ ತಿಳಿದಿರಲಿಲ್ಲ. ಇವರಿಗೆ ಎಲ್ಲ ತಿಳಿದಿತ್ತು. ಆ ಗೆರೆಗಳ ಮೇಲೆ ತಾವೇ ಕೈಯಿಟ್ಟು ನೇವರಿಸಿದ್ದರು.

ಮಿಲ್ಲಿಗೆ ಮರಳಿದ ಮೇಲೆ ಕುದುರೆ ಕೋಲು ಕಂಡರೆ ನಿಲ್ಲಲಿಲ್ಲ. ಹಮಾಲಿಯವನ ಹಲಗೆಗೆ ಮೇವು ಬಿಟ್ಟು ಗೋಡೆಗೆ ಒತ್ತಿಕೊಂಡಿತು. ಪಿಯಾಫಿಗೆಂದು ಉಸಿರು ಬಿಟ್ಟರೆ ಎರಡು ಕಾಲ ಮೇಲೆ ಏಳತೊಡಗಿತು. ಉಸ್ತಾದರನ್ನಂತೂ ಅಂಗಳದೊಳಗೆ ಕಾಲಿಡಗೊಡಲಿಲ್ಲ. ಮುದಗಲ್ಲಿನಿಂದ ಅದೇ ಬಸ್ಸಿಗೆ ಬಂದು, ಮೋಟುಗೋಡೆಯ ಹೊರಗೆ ನಿಂತು, ಅಲ್ಲಿಂದಲೇ ಕೂಗಿ ಕಲಿಸುವುದು ಅವರ ಪಾಲಿಗೆ ಬಂತು. ಅವರು ಅಲ್ಲಿ ಬಿಸಿಲಲ್ಲಿ ನಿಂತದ್ದು ನನಗೆ ಸಮಾಧಾನ ಕೊಡುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ.

"ತಪ್ಪಾತು ಅನ್ರಿ" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿನಗ್ಯಾಕ ಅನ್ನಲಿ? ಅಕಿಗಿ ದಿನಾ ಅನ್ನಾಕತ್ತೀನಿ. ಅಕಿ ಕೇಳವಲ್ಲಳು."

ಅಷ್ಟರಲ್ಲಿ ಅಣ್ಣ ಮತ್ತೊಂದು ಮದುವೆಯ ಸುದ್ದಿ ತಂದ. ಎರಡು ಕಾಲ ಮೇಲೆ ನಿಂತ ವಿಡಿಯೊ ಎಲ್ಲರ ಫೋನಿಗೂ ಹೋಗಿ, ಸಿಂಧನೂರಿನವರೊಬ್ಬರು ಅದೇ ಕುದುರೆ ಬೇಕೆಂದಿದ್ದರಂತೆ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಹೊರಗಿನಿಂದ ದನಿ ಬಂತು: "ಕುದುರಿ ಹೋಗಂಗಿಲ್ರಿ. ಹೋದ್ರ ನಾ ಅಡ್ಡ ಮಲಗತೀನಿ." ಅಣ್ಣ ನಕ್ಕು, ಗೊಣಗಿ, ಒಳಗೆ ಹೋದ. ಕುದುರೆ ಹೋಗಲಿಲ್ಲ. ಇದೇ ಮಾತನ್ನು ಮಸ್ಕಿಗೆ ಮೊದಲು ಆಡಿದ್ದರೆ? ನನ್ನ ಸಿಟ್ಟು ಇಮ್ಮಡಿಯಾಯಿತು.

ಇಲ್ಲಿ ಕಥೆಗಾರರಾದರೆ ಒಂದು ಮುಂಜಾನೆಯನ್ನು ತರುತ್ತಾರೆ. ಕುದುರೆ ತಾನಾಗಿ ಹಿಂಬದಿ ತಗ್ಗಿಸಿ ಮತ್ತೆ ಆ ಹೆಜ್ಜೆ ಕೊಡುತ್ತದೆ, ಎಲ್ಲರೂ ಹಗುರಾಗುತ್ತಾರೆ. ಅದು ಕೊಟ್ಟಿಲ್ಲ. ಕೊಡುತ್ತದೆಂದು ಯಾರೂ ಹೇಳಿಲ್ಲ.

ನಡೆದದ್ದು ಇಷ್ಟು. ನಿನ್ನೆ ನಾನು ಕುದುರೆಯ ಮೇಲಿದ್ದೆ, ಬರೀ ನಡಿಗೆ. ಉಸ್ತಾದರು ಗೋಡೆಯಾಚೆ ಇದ್ದರು. ಅವರ ಕೊರಳ ಕಡೆ ಕಣ್ಣು ಹೋಯಿತು, ಮಾಲೆ ನೆನಪಾಯಿತು. ಕುದುರೆ ತಲೆ ಕೊಡವಿ ನಿಂತುಬಿಟ್ಟಿತು. ನಾನು ಏನೂ ಮಾಡಿರಲಿಲ್ಲ.

"ಸಿಟ್ಟು ಕೈಯಾಗ ಬಂದೈತಿ ಯವ್ವಾ" ಎಂದು ಅವರು ಅಲ್ಲಿಂದ ಕೂಗಿದರು. "ಅಕಿ ಬಾಯಾಗ ಹೋಗಾಕತ್ತೈತಿ. ಇಳಿ."

ಸಿಟ್ಟು ಬಂದದ್ದು ಅವರ ಮೇಲೆ. ಹೋಗಿ ತಾಗಿದ್ದು ಕುದುರೆಯ ಬಾಯಿಗೆ. ಅವರು ಹೇಳಿದ್ದು ಸರಿ ಇತ್ತು. ಅವರು ಸರಿ ಹೇಳುತ್ತಾರೆ ಎನ್ನುವುದೇ ನನಗೆ ತಡೆಯಲಾಗದ್ದು. ಇಳಿದೆ. ಲಗಾಮನ್ನು ಕುತ್ತಿಗೆಯ ಮೇಲೆ ಬಿಟ್ಟು, ಹೊಟ್ಟಿನ ಮೇಲೆ ಕುದುರೆಯ ಪಕ್ಕ ನಡೆದೆ. ಅದು ತುಸು ಹಿಂದೆ ಉಳಿದು, ಆಮೇಲೆ ಬಂತು. ಗೋಡೆಯ ಹತ್ತಿರ ಹೋದಾಗಲೆಲ್ಲ ನಾವಿಬ್ಬರೂ ಬೇರೆ ಕಡೆ ತಿರುಗಿಕೊಂಡೆವು.