ಮೂವತ್ತು ಮನೆಗೆ ಒಂದೇ ವಿಳಾಸ

ಟಣ್, ಟಣ್ ಎಂದು ಕಬ್ಬಿಣದ ಪೈಪಿಗೆ ಸ್ಪ್ಯಾನರ್ ಬಡಿಯುವ ಸದ್ದು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಟೆರೇಸಿನಿಂದ ಕೂಗು: “ಬಂತೇನ್ರೀ ಅಮ್ಮಾರೆ?” ನಾನು ಕೆಳಗೆ ಮೊಬೈಲ್ ಹಿಡಿದು, ಇಲ್ಲಪ್ಪ, ಇನ್ನೂ ಸುತ್ತುತ್ತಾನೇ ಇದೆ ಎನ್ನಬೇಕು. ಮತ್ತೆ ಟಣ್. ಹೊನ್ನಾಳಿಯ ನಮ್ಮ ಬೀದಿಗೆ ಇಂಟರ್ನೆಟ್ ಬಂದದ್ದು ಹೀಗೆ, ಕರಿಬಸಪ್ಪ ಆಂಟೆನಾದ ಬಿಳಿ ತಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ.

ಜಗಳೂರು ಕಡೆಯವನು. ನಲವತ್ತೈದರ ಆಸುಪಾಸು, ಕಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರ್. ದೊಡ್ಡ ಕಂಪನಿಗಳು ನಮ್ಮ ಕಡೆ ತಿರುಗಿಯೂ ನೋಡದಿದ್ದಾಗ ಇವನು ಲೈಸೆನ್ಸ್ ತೆಗೆದುಕೊಂಡು, ನ್ಯಾಮತಿ, ಸವಳಂಗದವರೆಗೂ ಎತ್ತರದ ಮನೆಗಳ ಮೇಲೆ ಕಂಬ ನಿಲ್ಲಿಸಿ, ವೈರಿಲ್ಲದೆ ಗಾಳಿಯಲ್ಲೇ ನೆಟ್ ಕೊಟ್ಟ. ಬೀದಿಗೆಲ್ಲ ನಮ್ಮ ಮನೆಯೇ ಎತ್ತರ. ನಮ್ಮ ಟೆರೇಸಿನ ಕಂಬದಿಂದ ಸುತ್ತಲ ಮೂವತ್ತು ಮನೆಗೆ ಹೋಗುತ್ತಿತ್ತು.

ನಾವು ಪಾಸ್‌ವರ್ಡ್ ಒತ್ತುವಾಗ ಅವನು ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಹೊಸ ಮದುಮಗನ ಹಾಗೆ ನಿಲ್ಲುತ್ತಾನೆ ಎಂದು ಬೀದಿಯ ಹೆಂಗಸರಿಗೆಲ್ಲ ನಗು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟೊಂದು ಗುಡ್ ಮ್ಯಾನರ್ಸ್ ಯಾಕೆ ಬೇಕು ಒಬ್ಬ ಮನುಷ್ಯನಿಗೆ?

ಅನುಮಾನದ ಬೇರು ನನ್ನಲ್ಲೇ ಇತ್ತು. ಶಿವಮೊಗ್ಗದ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನ ಬಲದ ಮೇಲೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದವಳು ನಾನು. ಟ್ರಂಕ್ ಕಾಲ್ ಜೋಡಿಸಿದ ಮೇಲೆ ಆಪರೇಟರ್ ಕೇಳಬಾರದು ಅನ್ನೋದು ರೂಲ್. ಐ ಮಸ್ಟ್ ಅಡ್ಮಿಟ್, ಎಷ್ಟೋ ಮಧ್ಯಾಹ್ನ ಹೆಡ್‌ಫೋನ್ ತೆಗೆಯದೆ ಕೂತಿದ್ದೇನೆ. ಯಾರ ಸಂಬಂಧ ಮುರಿಯಿತು, ಯಾರು ಯಾರಿಗೆ ಸುಳ್ಳು ಹೇಳಿದರು, ಎಲ್ಲ ಗೊತ್ತಿತ್ತು. ಲೈನ್ ಕೊಡುವವನಿಗೆ ಏನೂ ಕೇಳಿಸುವುದಿಲ್ಲ ಎಂದರೆ ನಾನು ಹೇಗೆ ನಂಬಲಿ?

ಬಸ್ ಸ್ಟ್ಯಾಂಡ್ ಹಿಂದಿನ ಅವನ ಅಂಗಡಿಯಲ್ಲಿ ಬೀಗ ಹಾಕಿದ ಕಬ್ಬಿಣದ ಬೀರು ಒಂದಿತ್ತು. ಸಂದಿಯಲ್ಲಿ ಹಸಿರು ಲೈಟು ಪಿಳಿಪಿಳಿ ಅನ್ನುತ್ತಿತ್ತು. ಒಳಗೇನಿದೆ ಎಂದು ಒಂದು ದಿನ ನೇರವಾಗಿಯೇ ಕೇಳಿದೆ.

“ನೀವು ಏನು ಬರದ್ರಿ ಅನ್ನಾದು ಇರಲ್ರೀ ಅಮ್ಮಾರೆ. ಯಾವ ಮನೆಯೋರು ಎಷ್ಟೊತ್ತಿಗೆ ನೆಟ್ಟಿಗೆ ಹೋದ್ರು ಅನ್ನಾದು ಅಷ್ಟೇ ಐತೆ. ಸರ್ಕಾರದ ರೂಲು, ಇಟ್ಕಳಾಕೆ ಬೇಕು. ಸರಿಯಾದ ಕಾಗದ ತಂದು ಕೇಳಿದ್ರೆ ಕೊಡಾಕೂ ಬೇಕು.”

ಕೊಟ್ಟರೆ ಆ ಮನೆಯವರಿಗೆ ಹೇಳ್ತೀಯಾ ಎಂದೆ. ಹೇಳೋ ಹಂಗಿಲ್ರೀ ಅಂದ. ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು.

ಮುಂದೊಂದು ದಿನ ನಾನು ಅಲ್ಲೇ ಇದ್ದಾಗ ಊರಿನ ದೊಡ್ಡ ಕುಳವೊಂದು ಬಂದು ಕೂತಿತು. ಮಗಳು ಯಾರ ಜೊತೆ ಚಾಟ್ ಮಾಡುತ್ತಾಳೆ ನೋಡಿ ಹೇಳು ಎಂಬ ಹುಕುಂ. ಕರಿಬಸಪ್ಪ ಟೀ ತರಿಸಿದ. “ನೀವು ಕೇಳಿದ್ರೆ ಆಗಲ್ಲಣ್ಣ, ಕಾಗದ ಕೇಳಬೇಕು” ಅಂದ. ನಾನು ಹೇಳಿದ್ದೇ ಕಾಗದ ಕಣಲೇ ಎಂದು ಆತ ಟೀ ಮುಟ್ಟದೆ ಎದ್ದು ಹೋದ. ಆ ವಾರವೇ ಆತನ ಗೋಡೌನಿನ ಮೇಲೆ ಕರಿಬಸಪ್ಪ ನಿಲ್ಲಿಸಿದ್ದ ಕಂಬ ಕೆಳಗೆ ಬಿತ್ತು, ಸವಳಂಗದ ಕಡೆಗೆ ನಾಲ್ಕು ದಿನ ನೆಟ್ ಇಲ್ಲ. ಬೇರೆಯವರಾಗಿದ್ದರೆ ಕರಿಬಸಪ್ಪನನ್ನು ಹೊಗಳುತ್ತಿದ್ದರು. ನನಗೆ ಹೊಳೆದದ್ದು ಒಂದೇ: ನಾನು ಎದುರಿಗಿಲ್ಲದಿದ್ದರೂ ಹೀಗೇ ಹೇಳುತ್ತಿದ್ದನಾ?

ಕಳೆದ ವರ್ಷ ನಮ್ಮ ಮನೆಗೇ ಪೊಲೀಸ್ ಬಂದರು. ತ್ಯಾವಣಿಗೆಯ ಒಬ್ಬ ಟೀಚರಿಗೆ ಯಾರೋ ಸುಳ್ಳು ಹೆಸರಲ್ಲಿ ಅಸಹ್ಯ ಬೆದರಿಕೆ ಕಳಿಸಿದ್ದರು. ಆ ಹೆಣ್ಣುಮಗಳು ಹೆದರಿ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. ಕಳಿಸಿದ ನೆಟ್ಟಿನ ವಿಳಾಸ ಹುಡುಕಿದರೆ ನನ್ನ ಹೆಸರು. ಲೇಡಿ ಸಬ್‌ಇನ್‌ಸ್ಪೆಕ್ಟರ್ ಮರ್ಯಾದೆಯಿಂದಲೇ ಕೇಳಿದಳು, ಆದರೆ ಮೊಬೈಲ್ ಒಯ್ದಳು. ಎದುರು ಮನೆ ಕಿಟಕಿಗಳಲ್ಲಿ ತಲೆಗಳು ಕಂಡವು. ಎಪ್ಪತ್ತಮೂರು ವರ್ಷ ಕಾಪಾಡಿಕೊಂಡ ಹೆಸರು.

ನೇರ ಅಂಗಡಿಗೆ ಹೋದೆ. ನನ್ನ ಹೆಸರು ಕೊಟ್ಟವನು ನೀನೇನಾ? “ಹೇಳೋ ಹಂಗಿಲ್ರೀ ಅಮ್ಮಾರೆ” ಅಂದ. ಅಷ್ಟೇ ಸಾಕಾಯಿತು ನನಗೆ. ನಾಳೆ ಬಂದು ನಿನ್ನ ಕಂಬ ಕಿತ್ತುಕೊಂಡು ಹೋಗು ಎಂದು ತಿರುಗಿ ಬಂದೆ.

ನಿಜ ಗೊತ್ತಾದದ್ದು ಹತ್ತು ದಿನ ಕಳೆದು, ಮೊಬೈಲ್ ವಾಪಸ್ ಕೊಡಲು ಆ ಸಬ್‌ಇನ್‌ಸ್ಪೆಕ್ಟರ್ ಬಂದಾಗ. ನಮ್ಮ ಕಂಬದ ಮೂವತ್ತು ಮನೆಗೂ ಹೊರಗಿನ ಲೋಕಕ್ಕೆ ಕಾಣುವ ವಿಳಾಸ ಒಂದೇ ಅಂತೆ. ಕಂಬ ನಮ್ಮ ಟೆರೇಸಿನಲ್ಲಿ ಇದ್ದುದರಿಂದ ಕರಿಬಸಪ್ಪ ರಿಜಿಸ್ಟರಿನಲ್ಲಿ ಆ ವಿಳಾಸದ ಮುಂದೆ ನನ್ನೊಬ್ಬಳ ಹೆಸರು ಬರೆದಿಟ್ಟಿದ್ದ. ಪೊಲೀಸರ ಕಾಗದ ಬಂದಾಗ ಅವಸರದಲ್ಲಿ ಅದನ್ನೇ ಕಳಿಸಿದ. ನಾನು ಬೈದು ಬಂದ ಮೇಲೆ ಬೀರು ತೆಗೆದು, ನಿಮಿಷ ನಿಮಿಷದ ಲೆಕ್ಕ ನೋಡಿ, ಅದು ಬೇರೆ ಮನೆ ಎಂದು ಕಂಡುಕೊಂಡು, ಮರುದಿನ ಬೆಳಗ್ಗೆಯೇ ಸ್ಟೇಷನ್ನಿಗೆ ಬರೆದುಕೊಟ್ಟ. ಮುಚ್ಚಿಡಬಹುದಿತ್ತು. ತಪ್ಪು ನನ್ನದು, ಆ ತಾಯಿಯದಲ್ಲ ಎಂದು ಸೈನ್ ಹಾಕಿದ್ದ. ದಾಖಲೆ ಸರಿ ಇಟ್ಟಿಲ್ಲವೆಂದು ಮೇಲಿನಿಂದ ಅವನಿಗೆ ನೋಟಿಸ್ ಬಂತು. ಅಂಗಡಿ ಮುಚ್ಚಿ ಜಗಳೂರಿಗೆ ಹೋದ ಎಂದು ಆಮೇಲೆ ತಿಳಿಯಿತು. ಬೇರೆ ಮನೆ ಯಾವುದು ಎಂದು ಸಬ್‌ಇನ್‌ಸ್ಪೆಕ್ಟರ್ ಹೇಳಲಿಲ್ಲ. ಈಗ ಬೀದಿಯಲ್ಲಿ ಯಾರು ನಮಸ್ಕಾರ ಅಂದರೂ ಮುಖ ನೋಡುತ್ತೇನೆ, ಇವನೇನಾ ಎಂದು.

ಕಂಬ ಬಿಚ್ಚಲು ಅವನು ಬಂದದ್ದು ಆ ಕಾಗದ ಕೊಟ್ಟ ದಿನವೇ. ಸ್ಟೇಷನ್ನಿನಿಂದ ಸೀದಾ ನಮ್ಮ ಮನೆಗೆ ಬಂದಿದ್ದ, ಆಗ ನನಗದು ಗೊತ್ತಿರಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ಬಿಸಿಲಲ್ಲಿ ಒಬ್ಬನೇ ಪೈಪು ಇಳಿಸಿ, ಗೋಡೆಯ ತೂತುಗಳಿಗೆ ಸಿಮೆಂಟ್ ಮೆತ್ತಿ ಕೆಳಗೆ ಬಂದ. ನೀರು ಕೇಳಿದ, ಕೊಟ್ಟೆ. ಕೂತುಕೋ ಅನ್ನಲಿಲ್ಲ. ಮೇಲೆ ಏನಾದರೂ ಬಿಟ್ಟು ಬಂದಿದ್ದೀಯೇನೋ, ನಮ್ಮನ್ನು ಕೇಳಿಸಿಕೊಳ್ಳುವಂಥದ್ದು, ಎಂದೆ.

ಅವನು ಹೆಗಲ ಚೀಲ ಇಳಿಸಿ, ಅದರ ಬಾಯಿ ಅಗಲಿಸಿ ಹಿಡಿದ. “ಎಲ್ಲಾ ಇದ್ರಾಗೇ ಐತೆ. ನೋಡ್ಕಳ್ರಿ ಅಮ್ಮಾರೆ.”

ನಾನು ಕನ್ನಡಕ ಹಾಕಿಕೊಂಡೆ. ಬಗ್ಗಿ, ಒಂದೊಂದೇ ಸಾಮಾನು ಸರಿಸಿ ನೋಡಿದೆ. ನೋಡಿ ಮುಗಿಯುವವರೆಗೂ ಅವನು ಚೀಲ ಹಿಡಿದುಕೊಂಡೇ ನಿಂತಿದ್ದ.