ಗಂಟೆ ಎರಡನೇ ಸಲ ಬಡಿಯಲಿಲ್ಲ

ಅದು ಎಂಬತ್ತೇಳರ ಬೇಸಿಗೆ. ರಾಯಚೂರಿನ ಹೊರಗಿನ ಒಂದು ಎಣ್ಣೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಹಿರಿಯ ಎಂದರೆ ತಲೆ ಬೋಳಾಗಿತ್ತು, ಅಷ್ಟೇ. ಮನೆಯಿಂದ ಹೊರಟರೆ ಬೀಗ ಎಳೆದು ನೋಡಲು ಎರಡು ಸಲ ಹಿಂತಿರುಗುವ ಮನುಷ್ಯ ನಾನು.

ಹಿಂದಿನ ವರ್ಷ ಬಾಯ್ಲರಿನ ಬಳಿ ಒಬ್ಬ ಆಳು ಸುಟ್ಟುಕೊಂಡು ಸತ್ತಿದ್ದ. ಆಮೇಲೆ ಮಾಲೀಕರು ಉಗಿಯ ಒತ್ತಡ ಏರಿದರೆ ಕಂಪ್ಯೂಟರೇ ಗಂಟೆ ಬಾರಿಸಬೇಕೆಂದು ಹೇಳಿದರು. ಅದರ ಪ್ರೋಗ್ರಾಂ ಬರೆಯುವ ಕೆಲಸ ನನಗೆ ಬಂತು. ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದವನು ನನ್ನ ಹೆಂಡತಿಯ ತಮ್ಮ, ಮಾನ್ವಿಯ ಅಮರೇಶ. ನಾನೇ ಹೇಳಿ ಸೇರಿಸಿದ್ದೆ.

ಅದೇ ಹೊತ್ತಿಗೆ ಹೊಸ ಮ್ಯಾನೇಜರ್ ಬಂದರು, ಹೊಸ ಪದ್ಧತಿ ತಂದರು. ನಾನು ಹೈದರಾಬಾದಿನಲ್ಲಿ ಕಲಿತದ್ದು ಹಳೆಯ ರೀತಿ. ಪ್ರೋಗ್ರಾಮಿನ ನಡುವೆ ಎಲ್ಲಿ ಬೇಕಾದರೂ ‘ಇಂಥ ಸಾಲಿಗೆ ಹೋಗು’ ಎಂದು ಬರೆದರಾಯಿತು, ಯಂತ್ರ ಅಲ್ಲಿಗೆ ಜಿಗಿಯುತ್ತಿತ್ತು. ಇನ್ನು ಆ ಜಿಗಿತ ಬೇಡ, ಸಣ್ಣ ಸಣ್ಣ ಭಾಗ ಮಾಡಿ, ಒಂದೊಂದು ಭಾಗವೂ ತನ್ನ ಕೆಲಸ ಮುಗಿಸಿ ಕರೆದಲ್ಲಿಗೇ ಮರಳಲಿ ಎಂದರು. ಅಷ್ಟೇ ಅಲ್ಲ, ಬರೆದದ್ದನ್ನು ಎಲ್ಲರ ಮುಂದೆ ಓದಬೇಕು, ಕೇಳಿದವರು ತಪ್ಪು ಹುಡುಕಬೇಕು. ಮೊದಲನೆಯದನ್ನು ಹೇಗೋ ನುಂಗಿದೆ. ಎರಡನೆಯದು ಗಂಟಲಲ್ಲೇ ನಿಂತಿತು.

ಪ್ರೋಗ್ರಾಂ ಶುರು ಮಾಡುವ ಹಿಂದಿನ ದಿನ ಅಮರೇಶ ಊಟಕ್ಕೆ ಬಂದಿದ್ದ. “ಇನ್ನ ಆ ಒತ್ತಡದ ಮೀಟರಿನ ಮುಳ್ಳ ನೋಡಿ ನೋಡಿ ಕಣ್ಣ ಕೆಡಿಸಿಕೊಳ್ಳೋದು ತಪ್ತು ಮಾವ. ನಿಮ್ಮ ಗಂಟಿ ಕೂಗಿದ್ರ ಏಳ್ತೀನಿ” ಅಂದ. ನನಗೆ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಓದಿದೆ. ಎಲ್ಲರೂ ಛಲೋ ಅದ ಅಂದರು. ಹೊಸದಾಗಿ ಸೇರಿ ದೇವದುರ್ಗದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸುಜಾತ ಮಾತ್ರ ಹಾಳೆಯಿಂದ ತಲೆ ಎತ್ತಲಿಲ್ಲ. ಕಲ್ಲು ಒಡೆಯುವವರ ಮಗಳು. ಆ ಮನೆಯಲ್ಲಿ ಕಾಲೇಜು ಕಂಡ ಮೊದಲಿಗಳು.

“ಸರ್, ಒಮ್ಮಿ ಗಂಟಿ ನಿಲ್ಲಿಸಿದ ಮ್ಯಾಲ ಎರಡನೇ ಸಲ ಹೆಂಗ ಬಡೀತದರೀ?” ಎಂದಳು.

ಪಕ್ಕದವನು ಗುರುವಿಗೇ ಪಾಠ ಹೇಳಾಕತ್ತಾಳ ನೋಡ್ರಿ ಎಂದು ನಕ್ಕ. ನನ್ನ ಕಿವಿ ಬಿಸಿಯಾಯಿತು. ನೀನು ಪಾಟಿ ಹಿಡಿದಾಗಿನಿಂದ ಇದನ್ನೇ ಬರೆಯಾಕತ್ತೀನವ್ವಾ ಅಂದೆ. ಮ್ಯಾನೇಜರ್ ಮಾತ್ರ, ಮಾಡಿ ನೋಡೋಣ ಎಂದರು.

ಸುಳ್ಳು ಒತ್ತಡ ಕೊಟ್ಟೆವು. ಗಂಟೆ ಬಡಿಯಿತು. ಗುಂಡಿ ಒತ್ತಿ ನಿಲ್ಲಿಸಿ, ಒತ್ತಡ ಇಳಿಸಿ, ಮತ್ತೆ ಏರಿಸಿದೆವು. ಗಂಟೆ ಸುಮ್ಮನಿತ್ತು.

ಹಳೆಯ ರೀತಿಯಲ್ಲಿ ನಾನು ಕೊನೆಗೆ ‘ಮೊದಲಿಗೆ ಹೋಗು’ ಎಂದು ಬರೆಯುತ್ತಿದ್ದೆ. ಅಲ್ಲಿ ‘ಗಂಟೆ ನಿಲ್ಲಿಸಿದೆ’ ಎಂಬಂಥ ಹಳೆಯ ಗುರುತೆಲ್ಲ ಅಳಿಸಿಹೋಗುತ್ತಿತ್ತು. ಈಗ ಆ ಸಾಲು ತೆಗೆದಿದ್ದೆ, ಗುರುತು ಅಳಿಸುವುದನ್ನು ಬೇರೆ ಬರೆದಿರಲಿಲ್ಲ. ಗಂಟೆ ನಿಲ್ಲಿಸಿದ್ದಾರೆ ಎಂದೇ ಯಂತ್ರ ತಿಳಿದು ಕೂತಿತ್ತು. ಕೈ ಹೊಸ ರೀತಿ ಕಲಿತಿತ್ತು, ತಲೆ ಕಲಿತಿರಲಿಲ್ಲ. ಮುಳ್ಳಿಗೆ ಬೆನ್ನು ಮಾಡಿ ಕೂತ ಅಮರೇಶ ಕಣ್ಣ ಮುಂದೆ ಬಂದ.

ಕೂತು ತಿದ್ದಿದೆ. ಅಂದು ಸುಜಾತಳ ಮೇಜು ದಾಟಿಕೊಂಡೇ ಮನೆಗೆ ಹೊರಟೆ.

ಮಾರನೆಯ ದಿನ ಮೊದಲ ಬಸ್ಸಿಗೆ ಅವಳ ತಂದೆ ದೇವದುರ್ಗದಿಂದ ಬಂದು ಕೋಣೆಯ ಹೊರಗೆ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. “ಸಾಹೇಬ್ರ, ಹುಡುಗಿ ದೊಡ್ಡೋರ ಮುಂದ ಬಾಯಿ ತಗದಾಳಂತ. ಹೊಟ್ಟ್ಯಾಗ ಹಾಕ್ಕೋರಿ. ನೌಕರಿ ಒಂದು ತಗೀಬ್ಯಾಡ್ರಿ” ಎಂದು ಬಗ್ಗಿದರು. ಕೈ ಹಿಡಿದು ಎತ್ತಿದೆ. “ಯಪ್ಪಾ, ತಪ್ಪು ನಂದು. ಆಕಿ ನಮ್ಮ ಹುಡುಗನ ಜೀವ ಉಳಿಸ್ಯಾಳ” ಅಂದೆ.

“ಹಂಗಂತೀರಿ. ದೊಡ್ಡ ಮನಸು ನಿಮ್ದು” ಅಂದರು. ಎಷ್ಟು ಹೇಳಿದರೂ ಅದು ನನ್ನ ದೊಡ್ಡತನವಾಗಿಯೇ ಅವರ ಕಿವಿಗೆ ಬೀಳುತ್ತಿತ್ತು. ಹೋಗುವಾಗ ಮಗಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವಳು ತಲೆಯಾಡಿಸಿದಳು.

ಮುಂದಿನ ಓದಿಗೆ ನಾನು ಬೇಕೆಂದೇ ಒಂದು ತಪ್ಪು ಬಿಟ್ಟೆ. ಆ ಸಾಲು ಬಂದಾಗ ಅವಳ ಪೆನ್ಸಿಲ್ ನಿಂತಿತು. ನನ್ನ ಕಡೆ ನೋಡಿದಳು, ತಲೆ ತಗ್ಗಿಸಿದಳು. ಎಲ್ಲರೂ ಛಲೋ ಅದ ಅಂದರು. ಆಮೇಲೆ ಒಬ್ಬಳೇ ಇದ್ದಾಗ, ಕಂಡಿತ್ತಲ್ಲವಾ ಎಂದು ಕೇಳಿದೆ.

“ಕಂಡಿತ್ತು ಸರ್. ಅಪ್ಪಗ ಮಾತು ಕೊಟ್ಟೀನಿ” ಅಂದಳು.

ವರ್ಷ ಕಳೆಯುವುದರೊಳಗೆ ಗಬ್ಬೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಬಿಟ್ಟು ಹೋದಳು. ಅಲ್ಲಿಯವರೆಗೂ ಓದುವಾಗ ಬಾಯಿ ತೆರೆಯಲಿಲ್ಲ.

‘ಇಂಥ ಸಾಲಿಗೆ ಹೋಗು’ ಎಂದು ಬರೆಯುವ ಚಟ ನನ್ನನ್ನು ಈಗ ಪೂರ್ತಿ ಬಿಟ್ಟಿದೆ. ಈಗಲೂ ಎಲ್ಲರ ಮುಂದೆ ಓದುತ್ತೇನೆ, ಮುಗಿಸಿ ಕಾಯುತ್ತೇನೆ. ಛಲೋ ಅದ ಅನ್ನುತ್ತಾರೆ. ಅಂಥ ದಿನ ಸೀದಾ ಬಾಯ್ಲರಿಗೆ ಹೋಗಿ, ಕಣ್ಣು ಮುಳ್ಳಿನ ಮೇಲೇ ಇರಲಿ ಎಂದು ಅಮರೇಶನಿಗೆ ಹೇಳಿ ಬರುತ್ತೇನೆ. ಮಾವನ ಚಿಂತಿ ಶುರುವಾತು ಎಂದು ಅವನು ನಗುತ್ತಾನೆ.