ಗುಂಡಿಯಲ್ಲಿ ನಿಂತ ಡೊಳ್ಳುಹೊಟ್ಟೆಯವನು

ಆ ಆಟದಲ್ಲಿ ಹಿಂದಕ್ಕೆ ಹೋಗಲು ಬರುವುದಿಲ್ಲ. ಎಡದಿಂದ ಬಲಕ್ಕೆ ನಡೆಯಬೇಕು, ಅಷ್ಟೇ. ದಾಟಿ ಬಂದ ಜಾಗ ಪರದೆಯ ಎಡಗಡೆ ಮಾಯವಾಗುತ್ತದೆ. ತಿರುಗಿ ಹೋಗೋಣವೆಂದರೆ ಅಲ್ಲಿ ಕಾಣದ ಗೋಡೆ. ನಡೆಯುವವನು ಒಬ್ಬ ಡೊಳ್ಳುಹೊಟ್ಟೆಯವನು, ಮೈಮೇಲೆ ಪಟ್ಟಾಪಟ್ಟಿ ಚಡ್ಡಿ ಬಿಟ್ಟರೆ ಬೇರೇನಿಲ್ಲ. ಒಂದು ಬಟನ್ ಒತ್ತಿದರೆ ತೇಗುತ್ತಾನೆ, ಎದುರಿಗೆ ಬಂದ ಹೆಗ್ಗಣ ಮೂರ್ಛೆ ಹೋಗುತ್ತದೆ. ಇನ್ನೊಂದು ಒತ್ತಿದರೆ ಮೂಗಿನಿಂದ ಸಿಂಬಳ ತೆಗೆದು ಎಸೆಯುತ್ತಾನೆ. ದಾರಿಯಲ್ಲಿ ಸಿಕ್ಕ ಮೆಣಸಿನಕಾಯಿ ತಿನ್ನಿಸಿ ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಹೂಸು ಬಿಟ್ಟು, ಅದರ ರಭಸಕ್ಕೆ ಮೇಲಕ್ಕೆ ಹಾರುತ್ತಾನೆ. ಈ ಶಬ್ದ ಬರೆಯುವಾಗ ಈಗಲೂ ನನ್ನ ಕೈ ಸ್ವಲ್ಪ ತಡೆಯುತ್ತದೆ. ನಾನು ಕೊಟ್ಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಬೋರ್ಡಿನ ಮೇಲೆ ಸಣ್ಣ ಕರುಳು, ದೊಡ್ಡ ಕರುಳು ಬಿಡಿಸಿ ತೋರಿಸುತ್ತೇನೆ. ಅಲ್ಲಿಂದ ಹೊರಬೀಳುವುದಕ್ಕೆ ಮಾತ್ರ 'ಅನಿಲ' ಎಂದು ಹೇಳಿ ಬೇಗ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇನೆ.

ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ತೆಗೆಸಲೇಬೇಕು ಅಂದರು. ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ತೆಗೆಸಿಕೊಂಡೆ. ಆಪರೇಷನ್ ಆದಮೇಲೆ ಡಾಕ್ಟರು ಒಂದೇ ಮಾತು ಹೇಳಿದರು: ಗ್ಯಾಸ್ ಹೋಗಬೇಕು. ಅದು ಹೋದರೆ ಕರುಳು ಕೆಲಸ ಶುರು ಮಾಡಿದೆ ಎಂದರ್ಥ, ಆಮೇಲೆ ನೀರು, ಆಮೇಲೆ ಗಂಜಿ. ಹೋಗುವ ತನಕ ಒಂದು ಹನಿಯೂ ಇಲ್ಲ. ಕೈಗೆ ಚುಚ್ಚಿದ ಸೂಜಿಯಿಂದ ಬಾಟಲಿಗಟ್ಟಲೆ ನೀರು ಮೈಯೊಳಗೆ ಹೋಗುತ್ತಿತ್ತು, ನಿಜ. ಆದರೆ ನಾಲಿಗೆಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಅಂಗುಳಕ್ಕೆ ಅಂಟಿಕೊಂಡು ಅಲ್ಲೇ ಬಿದ್ದಿತ್ತು. ಅತ್ತೆ ಅರಿವೆಯ ತುದಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರು. ಆ ಅರಿವೆಯನ್ನೇ ಕಚ್ಚಿ ಹೀರಿಬಿಡೋಣ ಅನ್ನಿಸುತ್ತಿತ್ತು. ಪಕ್ಕದ ಮಂಚದ ಹೆಂಗಸು ಬಾಯಾರಿಕೆ ತಡೆಯಲಾರದೆ ಗ್ಯಾಸ್ ಹೋಯಿತೆಂದು ಸುಳ್ಳು ಹೇಳಿ, ನೀರು ಕುಡಿದು, ರಾತ್ರಿಯೆಲ್ಲ ವಾಂತಿ ಮಾಡಿಕೊಂಡಿದ್ದಳು. ಅಂದಿನಿಂದ ನರ್ಸಮ್ಮ ಯಾರ ಮಾತನ್ನೂ ನಂಬುತ್ತಿರಲಿಲ್ಲ.

ಹೊಟ್ಟೆ ಮಾತ್ರ ಬಿಗಿದುಕೊಂಡು ಸುಮ್ಮನೆ ಕೂತಿತ್ತು. ಅತ್ತಿತ್ತ ಹೊರಳಿದರೆ ಹೊಲಿಗೆ ಎಳೆಯುತ್ತಿತ್ತು, ಹೊರಳದಿದ್ದರೆ ಬೆನ್ನು ಸಾಯುತ್ತಿತ್ತು. ನನ್ನ ಫೋನು ಅತ್ತೆಯ ಕೈಯಲ್ಲಿತ್ತು, ಬಳಗದವರಿಗೆಲ್ಲ ವರದಿ ಒಪ್ಪಿಸಲಿಕ್ಕೆ. "ಇನ್ನೂ ಹೋಗಿಲ್ರಿ" ಎಂದು ಹೊಳಲಿನಲ್ಲಿರುವ ನನ್ನ ತವರಿನವರಿಗೂ ಹೇಳುತ್ತಿದ್ದರು. ಏನು ಹೋಗಿಲ್ಲ ಅಂತ ಮಾತ್ರ ಹೇಳುತ್ತಿರಲಿಲ್ಲ. ಹರಪನಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಮಗಳು ನೋಡಲು ಬಂದಾಗ, ಹೊತ್ತು ಹೋಗಲೆಂದು ತನ್ನ ಹಳೆಯ ಗೇಮ್ ಡಬ್ಬಿ ಕೊಟ್ಟು ಹೋದಳು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಿಂದಿನ ಕಾಲದ ಆಟಗಳು. ಸದ್ದು ಕಡಿಮೆ ಮಾಡುವ ಬಟನ್ ಯಾವಾಗಲೋ ಕೆಟ್ಟಿತ್ತು. ಹೀಗಾಗಿ ನಾನು ಆಡಿದಾಗಲೆಲ್ಲ ವಾರ್ಡಿಗೆ ವಾರ್ಡೇ ತೇಗು, ಹೂಸು ಕೇಳಬೇಕು. ಸುತ್ತಲಿನ ಮಂಚದವರಿಗೆ ಅದು ಬಹಳ ಸೇರಿತು. ನಗಬೇಡ್ರಿ, ಹೊಲಿಗೆ ಬಿಚ್ಚುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಅತ್ತೆಯೊಬ್ಬರೇ ಮುಖ ಗೋಡೆಯ ಕಡೆ ತಿರುಗಿಸಿ ಕೂಡುತ್ತಿದ್ದರು.

ಮೂರನೆಯ ಮಜಲಿಗೆ ಬಂದಾಗ ಡೊಳ್ಳುಹೊಟ್ಟೆಯವನು ಚರಂಡಿಯ ಗುಂಡಿಯೊಂದಕ್ಕೆ ಬಿದ್ದ. ಮೇಲಕ್ಕೆ ಹಾರಬೇಕೆಂದರೆ ಮೆಣಸಿನಕಾಯಿ ಬೇಕು. ಇದ್ದದ್ದನ್ನೆಲ್ಲ ನಾನು ದಾರಿಯಲ್ಲೇ ತಿನ್ನಿಸಿ ಮುಗಿಸಿದ್ದೆ. ಗುಂಡಿಯಲ್ಲಿ ಅವನನ್ನು ಕೊಲ್ಲುವ ಹೆಗ್ಗಣವೂ ಇಲ್ಲ. ಸಾಯಲೊಲ್ಲ, ಏಳಲೊಲ್ಲ. ಸುಮ್ಮನೆ ಬಿಟ್ಟರೆ ನಮ್ಮ ಕಡೆ ತಿರುಗಿ, ಮೂಗಿನಲ್ಲಿ ಬೆರಳಿಟ್ಟುಕೊಂಡು ನಿಲ್ಲುತ್ತಿದ್ದ. ಮಗಳಿಗೆ ಫೋನು ಮಾಡಿ ಕೇಳಿದರೆ, "ಅಲ್ಲಿ ಬಿದ್ರ ಮುಗೀತವ್ವಾ, ಆಫ್ ಮಾಡಿ ಮೊದ್ಲಿಂದ ಆಡು" ಅಂದಳು. ನನಗೆ ಮನಸ್ಸು ಬರಲಿಲ್ಲ. ಆ ಹೊಲಸು ಪ್ರಾಣಿಯ ಮೇಲೆ ಯಾಕೋ ಅಂತಃಕರಣ ಹುಟ್ಟಿತ್ತು. ಡಬ್ಬಿಯನ್ನು ಹಾಗೇ ದಿಂಬಿನ ಮಗ್ಗುಲಲ್ಲಿ ಇಟ್ಟುಕೊಂಡು, ಆಗೊಮ್ಮೆ ಈಗೊಮ್ಮೆ ತೇಗಿಸುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ನನ್ನ ಗಂಡನ ದೊಡ್ಡಪ್ಪ ಇದ್ದಾರೆ, ನಮಗೆಲ್ಲ ದೊಡ್ಡ ಮಾವನೋರು. ಕಾನಹೊಸಹಳ್ಳಿ ಹತ್ತಿರದ ಊರಿನಲ್ಲಿ ಕುರಿ ಸಾಕಿಕೊಂಡಿರುವ, ಮೈಲಾರಲಿಂಗನಿಗೆ ಬಹಳ ನಡೆದುಕೊಳ್ಳುವ ಹಿರಿಯರು. ಅವರ ಕೂಡ ಮನೆಯ ಸೊಸೆಯಂದಿರು ಮಾತಾಡುವುದಿಲ್ಲ. ಅವರು ಒಳಗೆ ಬಂದರೆ ನಾವು ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು. ನನಗೇನಾದರೂ ಕೇಳಬೇಕಾದರೆ ಅವರು ಅತ್ತೆಗೆ ಹೇಳುತ್ತಾರೆ. ಅತ್ತೆ ಅದೇ ಮಾತನ್ನು ತಿರುಗಿ ನನಗೆ ಹೇಳುತ್ತಾರೆ. ನನ್ನ ಉತ್ತರ ಅತ್ತೆಯ ಬಾಯಿಂದ ಅವರಿಗೆ ಮುಟ್ಟಬೇಕು. ನಡುವೆ ಇರುವುದು ಒಂದು ಬಾಗಿಲು. ನನ್ನ ಮಗಳು ಕಾಲೇಜು ಮೆಟ್ಟಿಲು ಹತ್ತಿದರೂ ನಾನು ಅವರಿಗೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಅದೇ ಮನೆಯಲ್ಲಿ ಗಂಡಸರು ಉಂಡೆದ್ದು ಓಣಿಗೆಲ್ಲ ಕೇಳುವಂತೆ ತೇಗಿ "ಶಿವನೇ" ಅನ್ನುತ್ತಾರೆ. ಹೆಂಗಸರಿಗೆ ಹೊಟ್ಟೆ ಇದೆ ಅಂತ ಅಡುಗೆ ಮನೆಗೆ ಗೊತ್ತು, ಅದರಲ್ಲಿ ಗಾಳಿಯೂ ಇದೆ ಅಂತ ಯಾರಿಗೂ ಗೊತ್ತಿಲ್ಲ.

ಆ ಭಾನುವಾರ ದೊಡ್ಡ ಮಾವನೋರು ಮೈಲಾರಕ್ಕೆ ಹೋಗಿದ್ದವರು, ಹಾಗೇ ನನ್ನನ್ನು ನೋಡಲು ಬಂದರು. ಒಬ್ಬರೇ ಬಂದರೆ ಅದು ನೋಡಲು ಬಂದ ಹಾಗಲ್ಲ. ಹಿಂದೆ ಊರಿನ ಹೆಂಗಸರು, ಗಂಡಸರು, ಬ್ರೆಡ್ಡು, ಎಳನೀರು. ಗಂಟಲು ಒಣಗಿ ಬಿದ್ದವಳ ತಲೆದೆಸೆಗೆ ಎಳನೀರು ಸಾಲಾಗಿ ಇಟ್ಟರು. ನಾನು ಎದ್ದು ನಿಲ್ಲುವಂತಿಲ್ಲ, ಅವರೆದುರು ಮಲಗಿಯೂ ಇರುವಂತಿಲ್ಲ. ಸೆರಗು ಹಣೆಯ ತನಕ ಎಳೆದುಕೊಂಡು ಕಣ್ಣು ಮುಚ್ಚಿದೆ. ಅವರು ಅತ್ತೆಗೆ ನನ್ನ ಸೆರಗು ಸ್ವಲ್ಪ ಸರಿಸಲು ಹೇಳಿ, ಏಳುಕೋಟಿ ಎಂದು ಮೈಲಾರಲಿಂಗನನ್ನು ಕೂಗುತ್ತ, ಹಣೆಗೆ ಭಂಡಾರ ಹಚ್ಚಲು ಬಗ್ಗಿದರು. ಅರಿಸಿನದ ವಾಸನೆ ಮೂಗಿಗೆ ಬಡಿಯಿತು.

ಆಗ ಬಂತು. ತಡೆಯುವಷ್ಟು ಶಕ್ತಿ ಎಲ್ಲಿತ್ತು ನನಗೆ? ಸಣ್ಣದೂ ಅಲ್ಲ. ಎರಡು ದಿನದಿಂದ ಇಡೀ ಆಸ್ಪತ್ರೆ ಯಾವುದಕ್ಕೆ ಕಾಯುತ್ತಿತ್ತೋ ಅದು ಪೂರ್ತಿಯಾಗಿ, ಏಳುಕೋಟಿಯ ನಡುವೆ ಬಂತು.

ಭೂಮಿ ಬಾಯಿ ಬಿಡಬಾರದೇ ಅಂತ ಎಷ್ಟು ಸಲ ಓದಿದ್ದೆನೋ, ಅವತ್ತು ಅದರ ಅರ್ಥ ಆಯಿತು. ಅಷ್ಟರಲ್ಲಿ ಅತ್ತೆ ಕೈಚಾಚಿ ದಿಂಬಿನ ಮಗ್ಗುಲಲ್ಲಿದ್ದ ಡಬ್ಬಿಯನ್ನು ಎತ್ತಿದರು.

"ಈ ದರಿದ್ರ ಡಬ್ಬಿರಿ" ಎಂದರು ಸೆರಗಿನೊಳಗಿಂದ. "ಮಮ್ಮಗಳು ಕೊಟ್ಟು ಹೋಗ್ಯಾಳ. ಮುಂಜಾನಿಂದ ಬರೇ ಇದಾ ಹೊಲಸು ಸಪ್ಪಳ ಮಾಡಾಕತ್ತೈತಿ."

ಬಂದಿದ್ದ ಹೆಂಗಸೊಬ್ಬಳು ಅದನ್ನು ಕಸಿದುಕೊಂಡು ಬಟನ್ ಒತ್ತಿದಳು. ಡೊಳ್ಳುಹೊಟ್ಟೆಯವನು ಗುಂಡಿಯೊಳಗಿಂದಲೇ ಜೋರಾಗಿ ತೇಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಬ್ಬಿ ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರೂ ತೇಗಿಸಿದರು. ದೊಡ್ಡ ಮಾವನೋರು ಮಾತ್ರ ಭಂಡಾರದ ಚೀಲ ಕಟ್ಟಿಕೊಳ್ಳುತ್ತ ಹೊರಗಿನ ಪಡಸಾಲೆಗೆ ಹೋಗಿ ಕುಳಿತರು. ನನ್ನ ಮಾನ ಉಳಿಯಿತು. ಅಬ್ಬಾ ಎಂದು ಕಣ್ಣಲ್ಲಿ ನೀರೇ ಬಂತು.

ಆ ಖುಷಿ ನರ್ಸಮ್ಮ ಬರುವ ತನಕ. ಅವಳು ಎಂದಿನಂತೆ, ಅಷ್ಟು ಜನರ ನಡುವೆ, ಗ್ಯಾಸ್ ಹೋಯ್ತೇನ್ರಿ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಇಲ್ಲ ಅಂದರು. ಜನ ಸ್ವಲ್ಪ ಹೊರಗೆ ಹೋದಮೇಲೆ ನಾನು ಅತ್ತೆಯ ಕೈ ಹಿಡಿದು, ಆಗಲೇ ಆದದ್ದು ಡಬ್ಬಿಯದಲ್ಲ ಎಂದು ಪಿಸುಗುಟ್ಟಿದೆ. ಅವರು ನನ್ನ ಮುಖವನ್ನೇ ನೋಡಿದರು.

"ನೀರಡಿಕಿಗೆ ಹಂಗ ಅಂತೀದಿ" ಅಂದರು. "ನಮ್ಮ ಸೊಸಿ ಭಾವನೋರ ಮುಂದ ಅಂಥಾದ್ದು ಮಾಡಾಕಿ ಅಲ್ಲ. ಮಲ್ಕೋ."

ಅವರು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ಡಬ್ಬಿಯೇ ಎಂದು ನಂಬಿದ್ದರು. ನನ್ನನ್ನು ಅವರು ಅಷ್ಟು ಒಳ್ಳೆಯವಳೆಂದು ನಂಬಿದ್ದಾರೆ ಅಂತ ನನಗೆ ಗೊತ್ತಾದದ್ದು ಅದೇ ಮೊದಲು. ಎಂಥಾ ಹೊತ್ತಿನಲ್ಲಿ ನೋಡಿ. ನರ್ಸಮ್ಮನನ್ನು ಕರೆದು ಹೇಳಿದರೆ ಅವಳು ಪಕ್ಕದ ಮಂಚದ ಕಡೆ ಕಣ್ಣು ತಿರುಗಿಸಿ, ನಿಮ್ಮ ಅತ್ತಿ ಇಲ್ಲ ಅಂತಾರಲ್ರಿ ಅಂದಳು. ಇನ್ನೊಂದು ಬರಲಿ ಅಂತ ಕಾದೆ. ತಿಣುಕಿದೆ. ಹೊಲಿಗೆಗೆ ಬೆಂಕಿ ಬಿದ್ದಂತಾಯಿತು, ಬೇರೇನೂ ಆಗಲಿಲ್ಲ. ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಅತ್ತೆಯ ಮೇಲಲ್ಲ, ಡಬ್ಬಿಯ ಮೇಲೂ ಅಲ್ಲ. ಸೆರಗಿನ ಮೇಲೆ.

ಸಂಜೆ ಡಾಕ್ಟರು ಬಂದು ಹೊಟ್ಟೆ ಒತ್ತಿ, ಕಿವಿಗೆ ನಳಿಕೆ ಇಟ್ಟುಕೊಂಡು ಕೇಳಿದರು. ಸಪ್ಪಳ ಸಣ್ಣಗೆ ಇದೆ, ಗ್ಯಾಸ್ ಹೋಗಿದ್ದರೆ ಚಿಂತೆಯಿಲ್ಲ, ಹೋಗಿಲ್ಲವೆಂದರೆ ಈ ರಾತ್ರಿಯೇ ದಾವಣಗೆರೆಗೆ ಕಳಿಸುವುದು ಒಳ್ಳೆಯದು ಎಂದರು. ಅಲ್ಲಿ ಸ್ಕ್ಯಾನ್ ಮಾಡಿ, ಕರುಳು ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಮತ್ತೆ ತೆರೆಯಬೇಕಾದೀತು. ಮತ್ತೆ ತೆರೆಯುವುದು ಅಂದದ್ದೇ ನಾನು ಹೊಲಿಗೆಯ ಮೇಲೆ ಕೈ ಮುಚ್ಚಿಕೊಂಡೆ. ಗಂಡ ಬಸ್ಸಿನ ಕಂಡಕ್ಟರು, ಡ್ಯೂಟಿಯ ಮೇಲೆ ಎಲ್ಲಿದ್ದರೋ. ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಾವನೋರು ಅಂಗಿಯ ಕಿಸೆಯಿಂದ ಫೋನು ತೆಗೆದು, ಊರಿನ ಕಾರಿನವನಿಗೆ ಮಾಡತೊಡಗಿದರು. ಅತ್ತೆ ನನ್ನ ಬಟ್ಟೆ ಚೀಲಕ್ಕೆ ತುಂಬತೊಡಗಿದರು. ನಾನು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಆದರೆ ಅತ್ತೆ ನಂಬುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಹೊಟ್ಟೆಗೆ ಮತ್ತೆ ಕತ್ತರಿ.

ಸೆರಗು ಸರಿಸಿದೆ.

"ಮಾವ" ಅಂದೆ. ಅವರು ಫೋನು ಕಿವಿಯಲ್ಲಿಟ್ಟುಕೊಂಡೇ ನನ್ನ ಕಡೆ ನೋಡಿದರು. "ಗಾಡಿ ಬ್ಯಾಡ್ರಿ. ನೀವು ಭಂಡಾರ ಹಚ್ಚುವಾಗ ಬಂದ ಸಪ್ಪಳ ಡಬ್ಬೀದಲ್ಲ. ಹೂಸು ಬಿಟ್ಟಾಕಿ ನಾನು."

ಮದುವೆಯಾಗಿ ಬಂದ ಮೇಲೆ ದೊಡ್ಡ ಮಾವನೋರಿಗೆ ನಾನು ಆಡಿದ ಮೊದಲ ಮಾತು ಇದು. ಅತ್ತೆಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಡಾಕ್ಟರು, ಬಾಯಾರಿದವರು ಹೀಗೆಲ್ಲ ಹೇಳುವುದು ಉಂಟು ಎನ್ನುವಂತೆ ನರ್ಸಮ್ಮನ ಕಡೆ ತಿರುಗಿದರು. ದೊಡ್ಡ ಮಾವನೋರು ಫೋನು ಕಿಸೆಗಿಟ್ಟರು.

"ಖರೇ ಐತ್ರಿ ಡಾಕ್ಟ್ರೇ" ಅಂದರು. "ನಾನು ಬಗ್ಗಿ ನಿಂತಿದ್ದೆ. ಡಬ್ಬಿ ದಿಂಬಿನ ಕಡಿಗಿತ್ತು, ಸಪ್ಪಳ ಬಂದಿದ್ದು ಕೆಳಗಿನ ಕಡಿಂದ. ನನಗೂ ಮೂಗು ಐತಿ. ಮನ್ಯಾಗಿನ ಹೆಣ್ಮಗಳು, ಮಂದಿ ಮುಂದ ಹೆಂಗ ಅನ್ಲಿ ಅಂತ ಸುಮ್ಮನಾದೆ." ಆಮೇಲೆ ಅತ್ತೆಯನ್ನು ದಾಟಿ, ನೇರ ನನ್ನನ್ನೇ ನೋಡಿ ಅಂದರು: "ಅವಾಗ್ಲೇ ಹೇಳಬೇಕಿಲ್ಲೇನವ್ವಾ. ಇದರಾಗ ನಾಚಿಕಿ ಏನೈತಿ."

ಎಲ್ಲಾ ಗೊತ್ತಿದ್ದೂ ಹೊತ್ತು ಮುಳುಗುವ ತನಕ ಪಡಸಾಲೆಯಲ್ಲಿ ಕುಳಿತಿದ್ದರು ಪುಣ್ಯಾತ್ಮರು. ನಾನು ಒಳಗೆ ನೀರಿಗೆ ಬಾಯಿ ಬಿಡುತ್ತಿದ್ದೆ. ಡಾಕ್ಟರು ನಗು ತಡೆದುಕೊಂಡು, ಒಂದು ಚಮಚೆ ನೀರು ಕೊಟ್ಟು ನೋಡಿ, ಬೆಳಗಿನ ತನಕ ಕಾಯೋಣ ಅಂದರು. ಅತ್ತೆ ಚಮಚೆ ಬಾಯಿಗಿಟ್ಟರು. ಆ ನೀರು ನಾಲಿಗೆಯ ಮೇಲೆ ಹರಿದದ್ದು ನನಗೆ ಸಾಯುವ ತನಕ ನೆನಪಿರುತ್ತದೆ. ಬೆಳಗಿನ ಹೊತ್ತಿಗೆ ಇನ್ನೊಂದು ಬಂತು, ಮತ್ತೊಂದು ಬಂತು, ನರ್ಸಮ್ಮನೇ ಸಾಕ್ಷಿ. ಗಂಜಿ ಬಂತು. ಡಬ್ಬಿಯ ಬ್ಯಾಟರಿ ಸತ್ತು ಡೊಳ್ಳುಹೊಟ್ಟೆಯವನು ಗುಂಡಿಯಲ್ಲಿ ನಿಂತಲ್ಲೇ ಆರಿಹೋದ.

ಮನೆಗೆ ಬಂದು ಹೊಲಿಗೆ ಮಾಯ್ದ ಮೇಲೆ, ಒಂದು ಮಧ್ಯಾಹ್ನ ದೊಡ್ಡ ಮಾವನೋರು ಕೊಟ್ಟೂರಿಗೆ ಬಂದರು. ಅವರ ಚಪ್ಪಲಿಯ ಸಪ್ಪಳ ಕೇಳಿದ್ದೇ ನನ್ನ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆಯಿತು, ಕಾಲು ತಾವಾಗಿ ಬಾಗಿಲ ಹಿಂದೆ ಹೋದವು. ಇವತ್ತು ಮಾತಾಡಿಸುತ್ತಾರೆ ಅಂದುಕೊಂಡೆ. ಆರಾಮದೀಯೇನವ್ವಾ ಅಂತ ಅವರು ನನ್ನನ್ನೇ ಕೇಳಿದರೆ ಸಾಕು, ನಾನು ಹೊರಗೆ ಬಂದುಬಿಡುತ್ತಿದ್ದೆ. ಅವರು ಕುಳಿತು, ಅತ್ತೆ ಕೊಟ್ಟ ಚೊಂಬಿನ ನೀರನ್ನು ಗಟಗಟ ಕುಡಿದು, ಓಣಿಗೆ ಕೇಳುವಂತೆ ತೇಗಿದರು.

"ಶಿವನೇ" ಅಂದರು. ಆಮೇಲೆ, "ಸೊಸಿ ಹೆಂಗದಾಳ, ಕೇಳು" ಅಂದರು.

ಅತ್ತೆ ನನ್ನ ಕಡೆ ತಿರುಗಿದರು. "ಹೆಂಗದಿ ಅಂತ ಕೇಳಾಕತ್ಯಾರ."

ನಾನು ಬಾಗಿಲನ್ನು ಹಿಡಿದುಕೊಂಡು ನಿಂತಿದ್ದೆ. ಒಂದು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು.

"ಆರಾಮದೀನಿ ಅಂತ ಹೇಳ್ರಿ, ಅತ್ತಿ" ಅಂದೆ.